ಮಾತು ಬಿಟ್ಟ ಕಂಪ್ಯೂಟರು

ಮೊಳಕಾಲ್ಮೂರು
5 ಜೂನ್ 2023

ದುರುಗೇಶಣ್ಣನಿಗೆ ಗಂಗಲಕ್ಷ್ಮಿಯ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ ಅಂತ ಬರೆದರೆ ಸುಳ್ಳಾಗುತ್ತೆ, ಅದಕ್ಕೇ ಬರೆಯುವುದಿಲ್ಲ. ಹೊಟ್ಟೆಬಟ್ಟೆಗೆ ತೊಂದರೆ ಇಲ್ಲ, ಯಾರಿಗೂ ಕಾಯಿಲೆ ಕಸಾಲೆ ಇಲ್ಲ. ನಿಮ್ಮ ಹಾಸ್ಟೆಲ್ ಗೆಳೆಯ ಎರ್ರಿಸ್ವಾಮಿಯ ಕಂಪ್ಯೂಟರು ಮಾತು ಬಿಟ್ಟಿದೆ. (ಗಂಡನ ಹೆಸರು ಬರೆದೆ. ನೀವು ನಮ್ಮತ್ತೆಗೆ ಹೇಳಬೇಡಿ.)

ನೀವೇ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟಿದ್ದ ಕಂಪ್ಯೂಟರು ಅದು. ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುತ್ತಿತ್ತು, ಕೀಲಿ ಒತ್ತಿದರೆ ಅಕ್ಷರ ಹೇಳುತ್ತಿತ್ತು. ಕಣ್ಣಿಲ್ಲದವರಿಗೆ ಇನ್ನೇನು ಬೇಕು ಹೇಳಿ. ಪಕ್ಕದ ಮನೆಯಲ್ಲಿ ಮಗ್ಗ ಇದೆ, ನಾನು ಅಲ್ಲಿ ಉದ್ದೆಳೆಯ ಹಾಸು ಮುಗಿದಾಗ ಹಳೇ ಎಳೆಗೆ ಹೊಸ ಎಳೆ ಜೋಡಿಸುವ ಕೆಲಸ ಮಾಡುತ್ತೇನೆ. ಜರಿಯ ಚೂರು ಗಾಳಿಗೆ ಬಂದು ಕಂಪ್ಯೂಟರಿನ ಹೊಟ್ಟೆ ಸೇರಿದೆ. ಜರಿ ಎಂದರೆ ಲೋಹ ತಾನೇ. ಹೋದ ತಿಂಗಳು ಒಳಗೆ ಚಟ್ಟಂತ ಸದ್ದಾಗಿ ಸುಟ್ಟ ವಾಸನೆ ಬಂತು. ಉಳಿದದ್ದೆಲ್ಲ ನಡೆಯುತ್ತಿದೆ, ಧ್ವನಿ ಮಾತ್ರ ಸತ್ತಿದೆ.

ಸಾಯುವುದಕ್ಕೆ ಒಳ್ಳೇ ಹೊತ್ತು ನೋಡಿಕೊಂಡಿತು. ನಿಮ್ಮ ಚಳ್ಳಕೆರೆಯಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರ ಶುರುವಾಗುತ್ತಿದೆಯಲ್ಲ, ಅಲ್ಲಿ ಕಲಿಸುವ ಕೆಲಸಕ್ಕೆ ಇವರು ಅರ್ಜಿ ಹಾಕಿದ್ದಾರೆ. ಕೇಂದ್ರದ ಚಂದ್ರಣ್ಣ ಒಳ್ಳೆಯವರೇ, ಆದರೆ ಅನುಮಾನದ ಮನುಷ್ಯ. ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರುಗಳು ಅಲ್ಲಿ ಬಂದು ಕೂತಿವೆ, ಒಂದಕ್ಕೂ ಧ್ವನಿಯಿಲ್ಲ. ಜೊತೆಗೆ ರಟ್ಟಿನ ಡಬ್ಬದ ತುಂಬ ಹಳೇ ಸೌಂಡ್ ಕಾರ್ಡುಗಳು. ಆಗಸ್ಟಿನಲ್ಲಿ ಬಂದು ಒಂದು ಕಂಪ್ಯೂಟರಿಗೆ ಕಾರ್ಡ್ ಹಾಕಿ ಮಾತಾಡಿಸಿ ತೋರಿಸಿ, ಕಣ್ಣಿರುವವರ ಸಹಾಯ ಚೂರೂ ತಗೊಳ್ಳಬಾರದು, ನಾಳೆ ಪಾಠದ ನಡುವೆ ಕೆಟ್ಟರೆ ನಾನೆಲ್ಲಿಂದ ಓಡಿ ಬರಲಿ ಅಂದರಂತೆ. ಆಗದಿದ್ದರೆ ಕಣ್ಣಿರುವ ಬೇರೆ ಯಾರನ್ನಾದರೂ ತೆಗೆದುಕೊಳ್ಳುತ್ತಾರಂತೆ. ಅಭ್ಯಾಸಕ್ಕೆ ಅಂತ ಒಂದು ಕಾರ್ಡ್ ಕೊಟ್ಟು ಕಳಿಸಿದ್ದಾರೆ. ಅದು ಈಗ ನಮ್ಮ ಮನೆಯ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇದೆ.

ಈಗ ಇವರು ಪಕ್ಕದ ಮನೆಯ ಜಗುಲಿಯಲ್ಲಿ ಕೂತು ರಾಟೆ ತಿರುಗಿಸುತ್ತಾರೆ. ಹೋಗುವವರು ಬರುವವರು ‘ಪಾಪ’ ಅನ್ನುತ್ತಾರೆ. ದುಡಿದು ಬೇಸರವಾಗಿಲ್ಲ ಗಂಗಾ, ಪಾಪ ಅನ್ನಿಸಿಕೊಂಡು ಬೇಸರವಾಗಿದೆ ಅಂತಾರೆ. ಅದಕ್ಕೇ ಈ ಕೆಲಸ ಬೇಕೇಬೇಕು ನಮಗೆ.

ಫೋನ್ ಮಾಡಬಹುದಿತ್ತಲ್ಲ ಅಂತೀರೇನೋ. ನೀವಿಬ್ಬರೂ ಮಾತು ಬಿಟ್ಟು ಎರಡು ವರ್ಷ ಆಯಿತು. ನಿಮ್ಮನ್ನು ಕೇಳೋಣ ಅಂದದ್ದಕ್ಕೆ ಊಟ ಬಿಟ್ಟು ಎದ್ದರು. ಆಮೇಲೆ ಅವರೇ, “ನಾನು ಅವನತ್ರ ಮಾತಾಡಲ್ಲ. ಕಾಗ್ದ ಬರೆದ್ರೆ ಅದು ಮಾತಲ್ಲ, ನೀನು ಬರಿ” ಅಂದರು. ಇಂಥ ಕಾನೂನು ಯಾವ ಕೋರ್ಟಿನಲ್ಲೂ ಇರಲಿಕ್ಕಿಲ್ಲ, ನಮ್ಮ ಮನೆಯಲ್ಲಿ ಇದೆ.

ಕಾರ್ಡ್ ಹೇಗೆ ಕೂರಿಸಬೇಕು, ಏನೇನು ಟೈಪ್ ಮಾಡಬೇಕು, ಬಿಡಿಸಿ ಬರೆಯಿರಿ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಇದನ್ನು ಕಳಿಸಿದ್ದೇನೆ, ಉತ್ತರವನ್ನೂ ಅವರ ಕೈಗೇ ಕೊಡಿ.

ನಿಮ್ಮ ತಂಗಿಯಂಥ
ಗಂಗಲಕ್ಷ್ಮಿ


ಚಳ್ಳಕೆರೆ
8 ಜೂನ್ 2023

ತಂಗಿ ಗಂಗಲಕ್ಷ್ಮಿಗೆ,

ಕಾಗದ ಕೈಸೇರಿತು. ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ಎರಡು ವರ್ಷದ ಮೇಲೆ ಆ ಕಡೆಯಿಂದ ಸುದ್ದಿ ಬಂತಲ್ಲ, ಸಂತೋಷ.

ಇದಕ್ಕೆಲ್ಲ ನೀವಿಬ್ಬರು ಒದ್ದಾಡುವುದು ಯಾಕೆ? ಕಂಪ್ಯೂಟರ್, ಕಾರ್ಡ್ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ಇದೇ ಬಸ್ಸಿಗೆ ಹಾಕು. ನನಗೆ ಒಂದು ಸಂಜೆಯ ಕೆಲಸ. ಮಾಡಿ ಕಳಿಸುತ್ತೇನೆ, ಅವನು ಸ್ವಿಚ್ ಹಾಕಿದರೆ ಸಾಕು, ಮಾತಾಡುತ್ತೆ. ಚಂದ್ರಣ್ಣನವರೂ ನನಗೆ ಗೊತ್ತು, ಅವರ ಪ್ರಿಂಟರ್ ರಿಪೇರಿ ನಾನೇ ಮಾಡುವುದು. ಒಂದು ಮಾತು ಹಾಕುತ್ತೇನೆ. ಕಣ್ಣಿಲ್ಲದವನ ಕೈಲಿ ಸ್ಕ್ರೂ ಬಿಚ್ಚಿಸಿ ಪರೀಕ್ಷೆ ಮಾಡುವುದು ಎಂಥ ನ್ಯಾಯ?

ಎರ್ರಿಗೆ ಯೋಚನೆ ಮಾಡಬೇಡ ಅಂತ ಹೇಳು. ನಾನಿದ್ದೇನೆ.

ದುರುಗೇಶ್


ಮೊಳಕಾಲ್ಮೂರು
12 ಜೂನ್ 2023

ದುರುಗೇಶಣ್ಣನಿಗೆ,

ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. ‘ನನಗೆ ಒಂದು ಸಂಜೆಯ ಕೆಲಸ’ ಅನ್ನುವಲ್ಲಿಗೆ ಎದ್ದು ಹೊರಗೆ ಹೋದರು. ಉಳಿದದ್ದನ್ನು ನಾನು ಗೋಡೆಗೆ ಓದಿದೆ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಇವರು ಮಾತು ಬಿಟ್ಟದ್ದು ಯಾಕೆ ಅಂತ ನೀವು ಒಮ್ಮೆಯಾದರೂ ಯೋಚಿಸಿದ್ದೀರಾ? ಅವತ್ತು ನಿಮ್ಮ ಅಂಗಡಿಯಲ್ಲಿ ಜನ ತುಂಬಿದ್ದರು. ಇವರು ಯಾವುದೋ ಕಂಪ್ಯೂಟರಿನ ಮುಚ್ಚಳ ಬಿಚ್ಚುತ್ತ ಕೂತಿದ್ದರು. ನೀವು ಬಂದು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಿತ್ತುಕೊಂಡು, “ನೀನು ಸುಮ್ನೆ ಕೂತ್ಕಳಲೇ ಎರ್ರಿ, ಕಣ್ಣಿರೋರು ಮಾಡ್ತಾರೆ” ಅಂದಿರಿ. ಪ್ರೀತಿಯಿಂದಲೇ ಅಂದಿರಿ, ಅದು ನನಗೂ ಗೊತ್ತು. ನಿಂತವರೊಬ್ಬರು ‘ಪಾಪ’ ಅಂದರು. ಇವರು ಕೋಲು ತಗೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಟೀಗೆ ಹೋದ ಅಂದುಕೊಂಡಿರಂತೆ ನೀವು.

ಕಂಪ್ಯೂಟರ್ ಕಳಿಸುವುದಿಲ್ಲ. ಚಂದ್ರಣ್ಣನವರಿಗೆ ಮಾತೂ ಹಾಕಬೇಡಿ. ಅವರ ಷರತ್ತು ನಿಮಗೆ ಅನ್ಯಾಯ ಅನ್ನಿಸಿತು. ಇವರಿಗೆ ಅದು ಮರ್ಯಾದೆ ಅನ್ನಿಸಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ‘ನೀನೇ ಮಾಡು’ ಅಂದಿದ್ದಾರೆ. ಎಷ್ಟು ಜನ ಇವರ ಕೈಯಿಂದ ಎಷ್ಟೆಷ್ಟು ಕಿತ್ತುಕೊಂಡಿದ್ದಾರೆ ಅನ್ನುವುದು ಜೊತೆಯಲ್ಲಿ ಬಾಳುವ ನನಗೆ ಗೊತ್ತು, ತಟ್ಟೆ, ಚೊಂಬು, ಬಸ್ಸಿನ ಟಿಕೆಟ್ಟು ಎಲ್ಲ.

ಬರೆದು ಕಳಿಸುವುದಾದರೆ ಕಳಿಸಿ. ಇಲ್ಲವಾದರೆ ನಾವೇ ತಡಕಾಡಿಕೊಳ್ಳುತ್ತೇವೆ.

ಗಂಗಲಕ್ಷ್ಮಿ


ಚಳ್ಳಕೆರೆ
26 ಜೂನ್ 2023

ತಂಗಿ ಗಂಗಲಕ್ಷ್ಮಿಗೆ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಹಾಳೆ ಹರಿದು ಹಾಕಿದೆ. ನನ್ನ ಹೆಂಡತಿ ದಿವ್ಯಾ, ರಿಪೇರಿ ಮಾಡುವವರಿಗೆ ಯಾಕೆ ಕಾಗದದ ಉಸಾಬರಿ ಅಂತ ನಗುತ್ತಾಳೆ. ಅವತ್ತಿನ ವಿಷಯಕ್ಕೆ ಏನು ಬರೆಯಬೇಕೋ ನನಗೆ ಬರೆಯಲು ಬರಲಿಲ್ಲ. ಬರುವುದನ್ನು ಬರೆದಿದ್ದೇನೆ.

ಟೈಪ್ ಮಾಡುವ ಆದೇಶಗಳನ್ನು ಬೇರೆ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಇಟ್ಟಿದ್ದೇನೆ, ಒಂದೊಂದರ ಕೆಳಗೆ ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ. ಅವನು ಕೇಳಿದರೆ ಯಾಕೆ ಅಂತಲೂ ಗೊತ್ತಾಗಬೇಕು, ಬರೀ ಉರು ಹೊಡೆದರೆ ಪರೀಕ್ಷೆ ದಿನ ಕೈಕೊಡುತ್ತೆ.

ಮೊದಲು ಕರೆಂಟ್ ವೈರ್ ಕಿತ್ತಿಡಿ. ಕಾರ್ಡಿನ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿವೆ, ಹಳೇ ಕಾರ್ಡಾದ್ದರಿಂದ ಕಿಲುಬು ಹಿಡಿದಿರುತ್ತೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕು. ಕಂಪ್ಯೂಟರಿನ ಒಳಗೆ ಕಾರ್ಡು ಕೂರುವ ಉದ್ದನೆಯ ಸಂದುಗಳು ಬೆರಳಿಗೆ ಸಿಗುತ್ತವೆ, ಕಾರ್ಡಿನ ಹಲ್ಲಿನ ನಡುವೆ ಇರುವ ಕಚ್ಚು ಸಂದಿನೊಳಗಿನ ಗುಬುಟಿಗೆ, ಆ ಸಣ್ಣ ಉಬ್ಬಿಗೆ, ಸರಿಯಾಗಿ ಬರಬೇಕು. ಎರಡೂ ಹೆಬ್ಬೆರಳಿಟ್ಟು ಒತ್ತಿದರೆ ಕಟಕ್ ಅನ್ನುತ್ತೆ. ಇದೆಲ್ಲ ಅವನ ಬೆರಳಿಗೆ ನನ್ನ ಕಣ್ಣಿಗಿಂತ ಚೆನ್ನಾಗಿ ತಿಳಿಯುತ್ತೆ, ನೀನು ಮಧ್ಯೆ ಹೋಗಬೇಡ.

ಆಮೇಲೆ ಆದೇಶಗಳು. ಒಂದನೆಯದು ಕಾರ್ಡು ಕಂಪ್ಯೂಟರಿಗೆ ಕಂಡಿದೆಯಾ ಅಂತ ಕೇಳುವುದು. ಎರಡನೆಯದು ಅದರ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಎಬ್ಬಿಸುವುದು. ಮೂರನೆಯದು ಧ್ವನಿಯ ಕಂಬಗಳನ್ನು ತೋರಿಸುತ್ತೆ. ಸಾಲಾಗಿ ನಿಂತಿರುತ್ತವೆ, ಕೆಳಗೆ ‘ಎಂ ಎಂ’ ಅಂತಿದ್ದರೆ ಬಾಯಿ ಮುಚ್ಚಿದೆ ಅಂತ ಅರ್ಥ. ಲಿನಕ್ಸಿನಲ್ಲಿ ಹೊಸದಾಗಿ ಹಾಕಿದ ಕಾರ್ಡು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡೇ ಬರುತ್ತೆ. ಬೇಕಾದ್ದನ್ನು ತೆರೆಯಿರಿ. ಕೊನೆಯದು ಪರೀಕ್ಷೆಯ ಧ್ವನಿ, ಒಂದು ಹೆಂಗಸಿನ ದನಿ ಎಡ ಬಲ ಅಂತ ಇಂಗ್ಲಿಷಿನಲ್ಲಿ ಹೇಳುತ್ತೆ.

ಮಧ್ಯೆ ಕೈ ಹಾಕಲು ನಾನು ಬರುವುದಿಲ್ಲ.

ದುರುಗೇಶ್


ಮೊಳಕಾಲ್ಮೂರು
9 ಜುಲೈ 2023

ದುರುಗೇಶಣ್ಣನಿಗೆ ನಮಸ್ಕಾರ.

ಬಂತಣ್ಣ. ಧ್ವನಿ ಬಂತು. ಮೊದಲು ಇದನ್ನು ಬರೆದುಬಿಡುತ್ತೇನೆ, ಆಮೇಲೆ ಕಥೆ.

ಕಾರ್ಡ್ ಕೂರಿಸುವುದಕ್ಕೆ ಇವರಿಗೆ ಹೊತ್ತೇ ಹಿಡಿಯಲಿಲ್ಲ. ನಾನು ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ, ಕಟಕ್ ಅಂದದ್ದು ಅಲ್ಲಿಗೇ ಕೇಳಿಸಿತು. ಕಾರ್ಡು ಕಂಡಿತು, ಡ್ರೈವರ್ ಎದ್ದಿತು. ನಾನು ಪರದೆ ಓದಿ ಹೇಳಿದೆ, ಇವರು ಟೈಪ್ ಮಾಡಿದರು. ಆದರೆ ಧ್ವನಿ ಇಲ್ಲ. ಎಷ್ಟು ಸಲ ಮಾಡಿದರೂ ಇಲ್ಲ. ದಿನಾ ಸಂಜೆ ಇದೇ ಹಾಡು. ಕಾರ್ಡೇ ಸತ್ತಿದೆ, ದುರುಗೇಶಣ್ಣನಿಗೆ ಬೇರೆ ಕಳಿಸಿ ಅನ್ನೋಣ ಅಂದೆ. ಇವರು ಬೇಡ ಅಂದರು. ಚಂದ್ರಣ್ಣನವರ ಡಬ್ಬದಲ್ಲಿರುವುದೆಲ್ಲ ಇದೇ ಜಾತಿಯವು, ಇದು ಬಗ್ಗದಿದ್ದರೆ ಅವೂ ಬಗ್ಗುವುದಿಲ್ಲ.

ತಪ್ಪು ನನ್ನ ಕೈಯಲ್ಲೇ ಇತ್ತು ನೋಡಿ. ‘ಬೇಕಾದ್ದನ್ನು ತೆರೆಯಿರಿ’ ಅಂದಿದ್ದಿರಿ. ನನಗೆ ಯಾವುದು ಬೇಕು ಯಾವುದು ಬೇಡ ಅಂತ ಏನು ಗೊತ್ತು? ಹಾಸು ಜೋಡಿಸುವವಳು ನಾನು. ಸಾವಿರಾರು ಎಳೆಯಲ್ಲಿ ಒಂದು ಬಿಟ್ಟರೂ ಸೀರೆಯುದ್ದಕ್ಕೆ ಗೀರು ಬೀಳುತ್ತೆ, ನೇಯುವವರು ಅಜ್ಜಿಮುತ್ತಜ್ಜಿವರೆಗೂ ಬೈಯುತ್ತಾರೆ. ಬಿಡುವುದು ನನ್ನ ಕೈಗೇ ಬರುವುದಿಲ್ಲ. ಆ ಕಡೆಯಿಂದ ಈ ಕಡೆಯವರೆಗೆ ಒಂದನ್ನೂ ಬಿಡದೆ ಎಲ್ಲ ಕಂಬದ ಬಾಯಿಯನ್ನೂ ತೆರೆದಿದ್ದೆ. ಪ್ರತಿ ಸಂಜೆಯೂ ಎಲ್ಲ ತೆರೆದಿದೆಯಾ ಅಂತ ಇವರು ಕೇಳುವುದು, ಒಂದೂ ಬಿಟ್ಟಿಲ್ಲ ಅಂತ ನಾನು ಹೆಮ್ಮೆಯಿಂದ ಹೇಳುವುದು.

ನೆನ್ನೆ ಇವರು, “ಎಲ್ಲಾ ಮುಚ್ಚು. ಒಂದೊಂದೇ ತೆಗಿ” ಅಂದರು. ಪರೀಕ್ಷೆಯ ಹೆಂಗಸು ನಿಲ್ಲದೆ ಹೇಳುತ್ತಿರುವ ಹಾಗೆ ಹಚ್ಚಿಟ್ಟರು. ಹೇಳುತ್ತಿದ್ದಳೋ ಏನೋ, ನಮಗಂತೂ ಕೇಳುತ್ತಿರಲಿಲ್ಲ. ನಾನು ಎಲ್ಲ ಮುಚ್ಚಿ ಮೊದಲನೆಯದನ್ನು ತೆರೆದೆ, ಏನಿಲ್ಲ. ಎರಡನೆಯದು, ಏನಿಲ್ಲ. ಹೀಗೇ ಹೋಗುತ್ತ ‘ವೇವ್’ ಅಂತ ಬರೆದ ಕಂಬ ತೆರೆದದ್ದೇ ತಡ, ಸ್ಪೀಕರಿನಿಂದ ಆ ಹೆಂಗಸು ನಮ್ಮ ಮನೆಯೊಳಗೆ ಬಂದೇಬಿಟ್ಟಳು. ನಾನು ಕಿರುಚಿದೆ. ಇವರು ಎದ್ದು ನಿಂತರು. ಆದರೆ ಅಭ್ಯಾಸ ಎಲ್ಲಿ ಬಿಡುತ್ತೆ, ನನ್ನ ಬೆರಳು ಮುಂದಕ್ಕೆ ಹೋಗಿ ಮಿಕ್ಕಿದ್ದನ್ನೂ ತೆರೆಯುತ್ತಾ ಹೋಯಿತು. ಒಂದು ಉದ್ದ ಹೆಸರಿನ ಕಂಬ ತೆರೆದೆ, ಅವಳ ಮಾತು ಅಲ್ಲಿಗೇ ನಿಂತಿತು.

ಈಗ ಏನು ಮುಟ್ಟಿದೆ ಅಂದರು. ಓದಿ ಹೇಳಿದೆ, ಅನಲಾಗ್ ಡಿಜಿಟಲ್ ಅಂತ ಏನೋ ಇತ್ತು. ಮುಚ್ಚು ಅಂದರು, ಬಂದಳು. ತೆಗಿ ಅಂದರು, ಹೋದಳು. ನಾಲ್ಕೈದು ಸಲ ಕರೆದು ಕಳಿಸಿ ಮಾಡಿದೆವು. ಇದೊಂದು ಮಾತ್ರ ಮುಚ್ಚಿರಬೇಕಂತೆ. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಏನಾಯ್ತು ಅಂತ ಓಡಿ ಬಂದರು.

ಇವರು ಖುಷಿಪಟ್ಟದ್ದು ಊಟದವರೆಗೆ ಮಾತ್ರ. ಕೈ ತೊಳೆದವರೇ, “ಇಲ್ಲಿ ನಿನ್ನ ಕಣ್ಣಿತ್ತು. ಅಲ್ಲಿ ಯಾರದೈತೆ?” ಅಂದರು. ಧ್ವನಿ ಬರುವವರೆಗೆ ಕಂಪ್ಯೂಟರ್ ಮೂಕ, ಇವರು ಕುರುಡರು. ಟೈಪ್ ಮಾಡಿದ್ದು ಸರಿಯಾಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಒಂದಕ್ಷರ ತಪ್ಪಿ ಆದೇಶ ಕೆಟ್ಟರೆ, ಗೊತ್ತೇ ಆಗದೆ ಮುಂದಕ್ಕೆ ಹೋಗುತ್ತಾರೆ.

ಇವತ್ತು ಬೆಳಗ್ಗೆ ರಾಟೆ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಧ್ವನಿ ಬಿಟ್ಟು ಅಲ್ಲಾಡುವುದು ಏನೇನಿದೆ ಗಂಗಾ ಅಂತ ಕೇಳಿದರು. ಫ್ಯಾನು ಅಂದೆ. ಆಮೇಲೆ ಸಿ.ಡಿ. ಇಡುವ ತಟ್ಟೆ, ಗುಂಡಿ ಒತ್ತಿದರೆ ಹೊರಗೆ ಬರುತ್ತಲ್ಲ, ಅದು. ಅದನ್ನು ಕೇಳಿ ಎಷ್ಟು ನಕ್ಕರು ಅಂತೀರಿ. ಈಗ ಅವರೇ ಕೇಳಿಸಿದ ಪ್ರಶ್ನೆ ಬರೆಯುತ್ತೇನೆ: ಆದೇಶ ಸರಿಯಾಗಿ ನಡೆದರೆ ಮಾತ್ರ ಆ ತಟ್ಟೆ ಹೊರಗೆ ಬರಬೇಕು, ತಪ್ಪಿದರೆ ಬರಬಾರದು, ಹಾಗೆ ಮಾಡಲಾಗುತ್ತಾ? ಹಾಗಾದರೆ ಇವರು ಕೈ ಚಾಚಿ ಮುಟ್ಟಿ ನೋಡಿಕೊಳ್ಳಬಹುದು.

ಬೇಗ ಬರೆಯಿರಿ.

ನಿಮ್ಮ ತಂಗಿ
ಗಂಗಲಕ್ಷ್ಮಿ


ಚಳ್ಳಕೆರೆ
14 ಜುಲೈ 2023

ತಂಗಿ ಗಂಗಲಕ್ಷ್ಮಿಗೆ,

ನಿನ್ನ ಕಾಗದವನ್ನು ದಿವ್ಯಾಳಿಗೆ ಓದಿ ಹೇಳಿದೆ, ಗಿರಾಕಿಗಳಿಗೂ ಓದಿ ಹೇಳಿದೆ. ಇಷ್ಟು ವರ್ಷ ಕಂಪ್ಯೂಟರ್ ಬಿಚ್ಚಿದ್ದೇನೆ, ಸಿ.ಡಿ. ತಟ್ಟೆಯ ಕೈಲಿ ಉತ್ತರ ಹೇಳಿಸಬಹುದು ಅಂತ ನನಗೆ ಹೊಳೆದಿರಲಿಲ್ಲ.

ಆಗುತ್ತೆ. ಬಹಳ ಸುಲಭ. ಆದೇಶದ ಕೊನೆಗೆ ‘ಅಂಡ್’ ಗುರುತನ್ನು ಎರಡು ಸಲ ಒತ್ತಿ, ತಟ್ಟೆ ತೆಗೆಯುವ ಆದೇಶ ಸೇರಿಸಬೇಕು. ಮೊದಲನೆಯದು ನೆಟ್ಟಗಾದರೆ ಮಾತ್ರ ಎರಡನೆಯದು ನಡೆಯುತ್ತೆ. ಹಾಳೆಯಲ್ಲಿ ಬರೆದಿದ್ದೇನೆ. ಕಂಬಗಳನ್ನು ಒಂದೊಂದಾಗಿ ತೆರೆಯಲು ಮುಚ್ಚಲು ಪರದೆ ನೋಡದೆ ಟೈಪ್ ಮಾಡುವ ಆದೇಶಗಳೂ ಇವೆ, ಅವನ್ನೂ ಬರೆದಿದ್ದೇನೆ. ಆ ಉದ್ದ ಹೆಸರಿನದು ತೆರೆದಿದ್ದರೆ ಕಾರ್ಡು ಡಿಜಿಟಲ್ ರೂಪದಲ್ಲಿ ಧ್ವನಿ ಕಳಿಸುತ್ತೆ, ನಮ್ಮ ಸಾದಾ ಸ್ಪೀಕರಿಗೆ ಅದು ಅರ್ಥವಾಗುವುದಿಲ್ಲ. ಅವನು ಹಿಡಿದದ್ದು ಸರಿ.

ಇಲ್ಲಿಂದ ಮುಂದೆ ಅವನಿಗೆ ಓದಬೇಡ.

ಚಂದ್ರಣ್ಣ ನೆನ್ನೆ ಅಂಗಡಿಗೆ ಬಂದಿದ್ದರು. ಪರೀಕ್ಷೆ ಆಗಸ್ಟ್ ಐದಕ್ಕೆ. ಕಂಪ್ಯೂಟರ್ ತಿಳಿದವರೊಬ್ಬರು ನೋಡುವುದಕ್ಕೆ ಇರಲಿ ಅಂತ ನನ್ನನ್ನೇ ಕರೆದಿದ್ದಾರೆ. ಕೇಂದ್ರದ ಬೀಗದ ಕೈ ಕೊಟ್ಟು, ಅದಕ್ಕೆ ಮುಂಚೆ ಯಂತ್ರಗಳ ಧೂಳು ಹೊಡೆದು ಇಡಿ ಅಂದರು. ಕಾರ್ಡು ಹಾಕುವುದನ್ನು ಅವನೇ ಹಾಕಲಿ. ಒಳಗಿನ ಸೆಟ್ಟಿಂಗ್ ಎಲ್ಲ ನಾನು ಮುಂಚೆಯೇ ಮಾಡಿಟ್ಟರೆ, ಅವನು ಸ್ವಿಚ್ ಹಾಕಿದ ಕೂಡಲೇ ಮಾತಾಡುತ್ತೆ. ಯಾರಿಗೂ ಗೊತ್ತಾಗುವುದಿಲ್ಲ, ಅವನಿಗೂ. ಏನಾದರೂ ಹೆಚ್ಚುಕಮ್ಮಿಯಾಗಿ ಅಷ್ಟು ಜನರ ಎದುರಿಗೆ ಅವನು ಸೋತರೆ ನಾನು ನೋಡಲಾರೆ ತಂಗಿ. ಮಾಡಲಾ?

ದುರುಗೇಶ್


ಮೊಳಕಾಲ್ಮೂರು
17 ಜುಲೈ 2023

ದುರುಗೇಶಣ್ಣನಿಗೆ,

ಬೇಡ.

ರಾತ್ರಿ ನನಗೂ ಆಸೆಯಾಯಿತು, ಅದನ್ನೂ ಹೇಳುತ್ತೇನೆ. ಮಾಡಿ ಅಂತ ಬರೆದು ಕೂಡ ಹರಿದೆ. ಆದರೆ ಹಾಗೆ ಸಿಕ್ಕ ಕೆಲಸ ನಿಮ್ಮದಾಗುತ್ತೆ. ಇವರು ಅಲ್ಲಿ ಕೂತು ಪಾಠ ಹೇಳುವಾಗೆಲ್ಲ ನಾನು ನಿಮ್ಮನ್ನು ನೆನೆಯಬೇಕಾಗುತ್ತೆ. ಇವರು ಸೋತರೂ ಸೋತು ಬರಲಿ, ನಾನು ಇಲ್ಲೇ ಇರುತ್ತೇನೆ. ಧೂಳು ಹೊಡೆದು ಬೀಗ ಹಾಕಿ ಬನ್ನಿ, ಅಷ್ಟೇ.

ಇಲ್ಲಿ ಅಭ್ಯಾಸ ನಡೆದಿದೆ. ನಾನು ಪರದೆಗೆ ಟವೆಲ್ ಹೊದಿಸಿ ಮಗ್ಗದ ಮನೆಗೆ ಹೋಗುತ್ತೇನೆ. ಅಲ್ಲಿ ಎಳೆ ಜೋಡಿಸುತ್ತ ಕೂತರೂ ಕಿವಿ ಮನೆಯ ಕಡೆಗೇ. ಒಂದೊಂದು ದಿನ ಧ್ವನಿ ಬರುತ್ತೆ, ಒಂದೊಂದು ದಿನ ಬರುವುದಿಲ್ಲ. ಬಾರದ ದಿನ ನಾನು ತಡವಾಗಿ ಹೋಗುತ್ತೇನೆ.

ಗಂಗಲಕ್ಷ್ಮಿ


ಚಳ್ಳಕೆರೆ
6 ಆಗಸ್ಟ್ 2023

ತಂಗಿ ಗಂಗಲಕ್ಷ್ಮಿಗೆ,

ಎರ್ರಿ ನೆನ್ನೆ ರಾತ್ರಿಯೇ ಮನೆಗೆ ಬಂದು ಸುದ್ದಿ ಹೇಳಿರುತ್ತಾನೆ. ಅವನು ಹೇಳಿರುವುದು ‘ಆಯ್ತು’ ಅಂತ ಒಂದೇ ಮಾತು ಅಂತಲೂ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಆ ಕೋಣೆಯಲ್ಲಿ ನಡೆದದ್ದು ನಿನಗೆ ಪೂರ್ತಿ ಗೊತ್ತಾಗಬೇಕು.

ಕಲಿಯಲು ಹೆಸರು ಕೊಟ್ಟವರನ್ನೂ ಚಂದ್ರಣ್ಣ ಕರೆಸಿದ್ದರು. ಎಲ್ಲ ಕಣ್ಣಿಲ್ಲದವರೇ, ಗೋಡೆಯ ಪಕ್ಕ ಸಾಲಾಗಿ ಕೂತಿದ್ದರು. ದುರುಗೇಶ್ ನೋಡಲು ಬಂದಿದ್ದಾರೆ ಅಂತ ಚಂದ್ರಣ್ಣ ಹೇಳಿದರು. ಎರ್ರಿ ನಾನಿದ್ದ ಕಡೆ ಮುಖ ತಿರುಗಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕಾರ್ಡನ್ನು ಉಜ್ಜಿ, ಸಂದು ಹುಡುಕಿ, ಕೂರಿಸಿ, ಸ್ಕ್ರೂ ಹಾಕಿದ. ಅದನ್ನು ನೋಡುವುದೇ ಒಂದು ಚೆಂದ. ಸ್ವಿಚ್ ಹಾಕಿ, ಡಿಸ್ಕಿನ ಗರಗರ ನಿಲ್ಲುವವರೆಗೆ ಕಾದು, ಹೆಸರು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ. ಮೊದಲ ಆದೇಶ ಟೈಪ್ ಮಾಡಿ ತಟ್ಟೆಯ ಮುಂದೆ ಅಂಗೈ ಹಿಡಿದ. ತಟ್ಟೆ ಬರಲಿಲ್ಲ.

ಪರದೆಯಲ್ಲಿ ಎಲ್ಲ ಸರಿಯಾಗಿತ್ತು ತಂಗಿ. ಕಾರ್ಡು ಕಂಡಿತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಆ ದರಿದ್ರ ತಟ್ಟೆಯೇ ಒಳಗೆ ಕಚ್ಚಿಕೊಂಡಿತ್ತು. ನಾನು ಮೇಲಿನ ಧೂಳು ಹೊಡೆದವನು, ತಟ್ಟೆ ತೆಗೆದು ನೋಡಿರಲಿಲ್ಲ. ಅವನು ಮತ್ತೆ ಟೈಪ್ ಮಾಡಿದ, ಮತ್ತೆ ಅಂಗೈ ಹಿಡಿದ. ಬರಲಿಲ್ಲ. ಚಂದ್ರಣ್ಣ ನನ್ನ ಮುಖ ನೋಡಿದರು, ಗೋಡೆ ಪಕ್ಕ ಯಾರೋ ‘ಪಾಪ’ ಅಂದರು.

‘ಸರಿಯಾಗೈತೆ ಕಣಲೇ, ಮುಂದಕ್ಕೆ ಹೋಗು.’ ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಕೆಮ್ಮು ಕೆಮ್ಮಿದ್ದರೂ ಅವನಿಗೆ ತಿಳಿಯುತ್ತಿತ್ತು, ಹಾಸ್ಟೆಲಿನಲ್ಲಿ ವಾರ್ಡನ್ ಬಂದಾಗ ಹಾಗೇ ಮಾಡುತ್ತಿದ್ದೆವು. ಎರಡನ್ನೂ ಮಾಡಲಿಲ್ಲ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಎರಡೂ ಕೈಯನ್ನು ಹಿಂದೆ ಒಂದಕ್ಕೊಂದು ಬಿಗಿಯಾಗಿ ಹಿಡಿದು ನಿಂತಿದ್ದೆ.

ಎರ್ರಿ ಮೂರನೆಯ ಸಲ ಟೈಪ್ ಮಾಡಿ, ಈ ಸಲ ಕೈ ಹಿಡಿಯುವ ಬದಲು ಬಗ್ಗಿ ಕಿವಿಯನ್ನು ಡಬ್ಬಕ್ಕೆ ಒತ್ತಿಟ್ಟ. ಒಳಗೆ ತಟ್ಟೆಯ ಮೋಟಾರು ಎಳೆಯಲಾರದೆ ಕುಂಯ್‌ಗುಡುವುದು ಅವನಿಗೆ ಕೇಳಿಸಿತು. ನಿಧಾನಕ್ಕೆ ತಲೆ ಎತ್ತಿ, “ಸಾರ್, ನಿಮ್ಮ ತಟ್ಟೆ ಕಚ್ಕೊಂಡೈತೆ. ನನ್ನ ಆದೇಶ ಸರಿಯಾಗೈತೆ” ಅಂದ. ಚಂದ್ರಣ್ಣ ನನ್ನ ಕಡೆ ತಿರುಗಿದರು, ನಾನು ಹೌದು ಅಂತ ತಲೆಯಾಡಿಸಿದೆ. ಅದು ಅವನಿಗೆ ಕಾಣುವಂತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಟೈಪ್ ಮಾಡುವುದು, ಕಿವಿ ಇಡುವುದು. ಡ್ರೈವರ್ ಎದ್ದಿತು. ಮುಚ್ಚಬೇಕಾದ್ದನ್ನು ಮುಚ್ಚಿದ, ತೆರೆಯಬೇಕಾದ್ದನ್ನು ತೆರೆದ. ಕೊನೆಗೆ ಓದುವ ತಂತ್ರಾಂಶವನ್ನು ಎಬ್ಬಿಸುವ ಕೀಲಿ ಒತ್ತಿದ. ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಆ ಹಳೇ ಯಂತ್ರ ಕನ್ನಡದಲ್ಲಿ ಮಾತಾಡಿತು. ಗೋಡೆಯ ಪಕ್ಕ ಕೂತಿದ್ದವರೆಲ್ಲ ಒಟ್ಟಿಗೆ ಆ ಕಡೆ ಮುಖ ತಿರುಗಿಸಿದರು. ಚಪ್ಪಾಳೆ ಶುರು ಮಾಡಿದ್ದು ಅವರೇ. ಚಂದ್ರಣ್ಣ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಮಾಡಲಾಗುತ್ತಾ ಅಂತ ಕೇಳಿದರು.

“ಎಲ್ಲಾ ಮಾಡ್ತೀನಿ ಸಾರ್. ಡಬ್ಬ ಈ ಕಡೆ ತಳ್ಳಿ” ಅಂದ.

ಜನ ಚದುರಿದ ಮೇಲೆ ನಾನಿದ್ದ ಕಡೆ ನೆಟ್ಟಗೆ ನಡೆದು ಬಂದ.

“ಲೇ ದುರುಗ, ಇಷ್ಟೊತ್ತು ಕೈ ಎಲ್ಲಿಟ್ಟಿದ್ದೆ?”

“ಹಿಂದೆ ಕಟ್ಕಂಡಿದ್ದೆ ಕಣಲೇ.”

ನನ್ನ ಕೈ ಹುಡುಕಿ ಹಿಡಿದುಕೊಂಡ. ಆಮೇಲೆ ಶುರುವಾದ ಮಾತು ಕಡೇ ಬಸ್ಸು ಬರುವವರೆಗೂ ನಿಲ್ಲಲಿಲ್ಲ.

ದುರುಗೇಶ್


ಚಳ್ಳಕೆರೆ
28 ಆಗಸ್ಟ್ 2023

ಗಂಗಾ,

ಇದು ನಾನೇ ಬರೆದದ್ದು. ಹೇಳಿ ಬರೆಸಿದ್ದಲ್ಲ. ಕೇಂದ್ರದ ಕಂಪ್ಯೂಟರಿನಲ್ಲಿ ಒಂದೊಂದಕ್ಷರ ಕೇಳಿಸಿಕೊಂಡು ಟೈಪ್ ಮಾಡಿ, ಪ್ರಿಂಟ್ ತೆಗೆದು, ಮಡಚಿ ಕಂಡಕ್ಟರ್ ಕೈಗೆ ನಾನೇ ಕೊಟ್ಟೆ. ಸಂಜೆ ಫೋನಿನಲ್ಲಿ ಮಾತಾಡುತ್ತೇವಲ್ಲ, ಇದ್ಯಾಕೆ ಅಂತೀಯ. ನನ್ನಿಂದ ನಿನಗೆ ಒಂದು ಕಾಗದವೂ ಬಂದಿಲ್ಲ, ಮದುವೆಯಾದಾಗಿನಿಂದ. ಬರಲಿ ಅಂತ.

ನಿಮ್ಮ ಹಾಸು ಮುಗಿದು ನೀನು ಬರುವಷ್ಟರಲ್ಲಿ ಇಲ್ಲೊಂದು ಮನೆ ನೋಡಿರುತ್ತೇನೆ. ದುರುಗ ತಾನೇ ನೋಡುತ್ತೇನೆ ಅಂದ. ನಾನೂ ಬರುತ್ತೇನೆ, ಬಾಗಿಲು ಗೋಡೆ ನನ್ನ ಕೈಗೂ ಒಪ್ಪಿಗೆಯಾಗಬೇಕು ಅಂದೆ. ಸರಿ ಅಂದ.

ಡಬ್ಬದಲ್ಲಿದ್ದ ಕಾರ್ಡುಗಳಲ್ಲಿ ಎರಡು ಸತ್ತಿದ್ದವು, ಉಳಿದವನ್ನೆಲ್ಲ ಹಾಕಿದ್ದೇನೆ. ಈಗ ಪಾಠದ ಹೊತ್ತಿಗೆ ಕೋಣೆಯಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ಮಾತಾಡುತ್ತವೆ. ಸಂತೆಯಲ್ಲಿ ನಿಂತ ಹಾಗಿರುತ್ತೆ. ಪಕ್ಕದ ಕೋಣೆಯಲ್ಲಿ ಲೆಕ್ಕ ಬರೆಯುವವರು ಸ್ವಲ್ಪ ಕಮ್ಮಿ ಮಾಡಿಸಿ ಅಂತ ಚಂದ್ರಣ್ಣನವರಿಗೆ ದೂರು ಕೊಟ್ಟಿದ್ದಾರೆ.

ಕಲಿಯುವವರಲ್ಲಿ ಬೋರಕ್ಕ ಅಂತ ಒಬ್ಬರಿದ್ದಾರೆ. ನಾಯಕನಹಟ್ಟಿ ಕಡೆಯವರು, ಐವತ್ತು ದಾಟಿದೆ. ಸೊಸೆ ಬಸ್ಸಿನಲ್ಲಿ ಕರಕೊಂಡು ಬಂದು ಹೊರಗೆ ಕಟ್ಟೆಯ ಮೇಲೆ ಕಾಯುತ್ತಾಳೆ. ಊರಲ್ಲಿ ಎಲ್ಲರೂ ಇವರನ್ನು ಕುರುಡವ್ವ ಅಂತಲೇ ಕರೆಯುವುದು, ಇವರ ಹೆಸರು ನಮಗೂ ರಿಜಿಸ್ಟರ್ ಓದಿದಾಗಲೇ ಗೊತ್ತಾದದ್ದು. ಕೀಲಿಗಳ ಜಾಗ ಇವರಿಗೆ ಬೇಗ ಹತ್ತಲಿಲ್ಲ. ದಿನಾ ತಪ್ಪು, ದಿನಾ ಮೊದಲಿನಿಂದ. ಬಿಡ್ರಿ, ನನ್ನ ಕೈಲಾಗಲ್ಲ ಅಂತ ಎರಡು ಸಲ ಎದ್ದು ಹೋಗಿ ಮತ್ತೆ ಬಂದಿದ್ದರು.

ಇವತ್ತು ತಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದೇ ಹುಡುಕಿ ಒತ್ತಿದರು. ಯಂತ್ರ ‘ಬೋರಕ್ಕ’ ಅಂತ ಕರೆಯಿತು. ಅವರು ಕೀಲಿಮಣೆಯಿಂದ ಕೈ ತೆಗೆದರು. ನನ್ನ ಹೆಸರು ಇದಕ್ಕೆ ಹೇಳಿದ್ದು ಯಾರು ಅಂತ ಕೇಳಿದರು. ನೀವೇ ಹೇಳಿದ್ದು ಕಣವ್ವ ಅಂದೆ. ಇನ್ನೊಂದು ಸಲ ಬರೆದರು, ಅದು ಇನ್ನೊಂದು ಸಲ ಕರೆಯಿತು. ಅಕ್ಕಪಕ್ಕದವರು ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ನನ್ನ ತೋಳು ಹಿಡಿದುಕೊಂಡು, “ಇನ್ನೊಂಚೂರು ಜೋರು ಮಾಡ್ರಿ ಮೇಷ್ಟ್ರೇ, ಹೊರಗೆ ಕೂತಿರೋ ನನ್ ಸೊಸೆಗೂ ಕೇಳ್ಲಿ” ಅಂದರು.

ಲೆಕ್ಕ ಬರೆಯುವವರು ಬೈದುಕೊಳ್ಳಲಿ ಅಂತ ಪೂರ್ತಿ ಏರಿಸಿದೆ.

ನಿನ್ನ
ಎರ್ರಿಸ್ವಾಮಿ